ನಿಮಗಿದು ಗೊತ್ತೇ? ಗಾಯಕನೇ ವಿಮಾನ ಓಡಿಸಿದ ‘ಫ್ಲೈಟ್ 666’

ಹಾಡಲು ಹೋಗುವ ಊರಿಗೆ ತಾವೇ ವಿಮಾನ ಓಡಿಸಿಕೊಂಡು ಹೋದ ಗಾಯಕರೊಬ್ಬರಿದ್ದಾರೆ, ಗೊತ್ತೇ? ಹೆಸರು ಬ್ರೂಸ್ ಡಿಕಿನ್ಸನ್. ಲಂಡನ್ನಿನ ಹೆವಿ ಮೆಟಲ್ ಬ್ಯಾಂಡ್ ‘ಐರನ್ ಮೇಡನ್’ನ ಗಾಯಕ. ಬೋಯಿಂಗ್ 757 ಓಡಿಸುವ ಲೈಸೆನ್ಸ್ ಇದ್ದ ವೃತ್ತಿಪರ ಪೈಲಟ್ ಕೂಡ.

ಆ ವಿಮಾನದ ಪ್ರವಾಸವೇ ಸಾಕ್ಷ್ಯಚಿತ್ರವಾಯಿತು. ಅದೇ 2009ರ ‘ಐರನ್ ಮೇಡನ್: ಫ್ಲೈಟ್ 666’.

45 ದಿನ. 23 ಕಾರ್ಯಕ್ರಮ. ಸುಮಾರು 50,000 ಮೈಲಿ, ಅಂದರೆ 80,000 ಕಿಲೋಮೀಟರ್. ಭೂಮಿಯನ್ನು ಎರಡು ಸುತ್ತು ಹಾಕಿದಷ್ಟು ದೂರ!

ಈ ಪ್ರವಾಸ ಶುರುವಾದದ್ದು ನ್ಯೂಯಾರ್ಕಿನಿಂದಲೂ ಅಲ್ಲ, ಲಂಡನ್ನಿನಿಂದಲೂ ಅಲ್ಲ. 2008ರ ಫೆಬ್ರುವರಿ 1ರಂದು ನಮ್ಮ ಮುಂಬೈಯಿಂದ. ಮುಗಿದದ್ದು ಮಾರ್ಚ್ 16ರಂದು ಕೆನಡಾದ ಟೊರೊಂಟೊದಲ್ಲಿ. ನಡುವೆ ಆಸ್ಟ್ರೇಲಿಯಾ, ಜಪಾನ್, ಲಾಸ್ ಏಂಜಲಿಸ್, ಮೆಕ್ಸಿಕೊ, ಕೋಸ್ಟರೀಕಾ, ಕೊಲಂಬಿಯಾ, ಬ್ರೆಜಿಲ್, ಅರ್ಜೆಂಟೀನಾ, ಚಿಲಿ, ಪೋರ್ಟೊರಿಕೊ.

ಬ್ಯಾಂಡ್‌ಗೆ ವಿಮಾನವೇ ಯಾಕೆ ಬೇಕಾಯಿತು? ಯುರೋಪಿನೊಳಗಾದರೆ ವೇದಿಕೆ, ಲೈಟು, ಸ್ಪೀಕರುಗಳನ್ನು ಲಾರಿಗೆ ತುಂಬಿ ರಾತ್ರೋರಾತ್ರಿ ಮುಂದಿನ ಊರಿಗೆ ಸಾಗಿಸಬಹುದು. ಮುಂಬೈಯಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಲಾರಿ ಹೋಗುವುದಿಲ್ಲ. ಹಡಗಿಗೆ ವಾರಗಟ್ಟಲೆ ಬೇಕು. ಸಾಮಾನಿಗೊಂದು ವಿಮಾನ, ಜನರಿಗೊಂದು ವಿಮಾನ ಎಂದರೆ ಖರ್ಚು ಕೈಮೀರುತ್ತದೆ. ದೊಡ್ಡ ಬ್ಯಾಂಡ್‌ಗಳು ಭಾರತ, ಕೋಸ್ಟರೀಕಾ, ಕೊಲಂಬಿಯಾಗಳ ಕಡೆ ತಲೆ ಹಾಕದೇ ಇದ್ದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ಮೇಡನ್ ತಂಡ ಒಂದೇ ವಿಮಾನದಲ್ಲಿ ಎರಡನ್ನೂ ಹೊಂದಿಸಿತು. 757ರ ಹಿಂಭಾಗದ ಸೀಟುಗಳನ್ನು ಕಿತ್ತು ಅಲ್ಲಿ ಸಾಮಾನು ಇಡಲು ಜಾಗ ಮಾಡಿದರು. ಮುಂದಿನ ಸೀಟುಗಳಲ್ಲಿ ಬ್ಯಾಂಡ್, ಕೆಲಸಗಾರರು, ಸಿನಿಮಾ ತಂಡ. ಹೊತ್ತ ಸಾಮಾನಿನ ತೂಕ 12 ಟನ್.

ಇದು ಡಿಕಿನ್ಸನ್ ಅವರ ಸ್ವಂತ ವಿಮಾನವೆಂದು ಹಲವರು ತಿಳಿದಿದ್ದಾರೆ. ಅಲ್ಲ. ಅವರು ಕ್ಯಾಪ್ಟನ್ ಆಗಿ ಕೆಲಸ ಮಾಡುತ್ತಿದ್ದ ಆಸ್ಟ್ರೇಯಸ್ ಏರ್‌ಲೈನ್ಸ್ ಕಂಪನಿಯದು.

ವಿಮಾನದ ಹೆಸರು ‘ಎಡ್ ಫೋರ್ಸ್ ಒನ್’. ಅಮೆರಿಕದ ಅಧ್ಯಕ್ಷರ ‘ಏರ್ ಫೋರ್ಸ್ ಒನ್’ ನೆನಪಾಗುತ್ತದಲ್ಲವೇ? ಅಭಿಮಾನಿಗಳಿಗೆ ಸ್ಪರ್ಧೆ ಇಟ್ಟು ಆರಿಸಿದ ಹೆಸರಿದು. ‘ಎಡ್’ ಯಾರು ಎಂಬುದು ಮುಂದೆ ಬರುತ್ತದೆ.

ಹಾಡಿದ ರಾತ್ರಿಯೇ ಗಾಯಕರು ಕಾಕ್‌ಪಿಟ್‌ಗೆ ಹತ್ತುವಂತಿರಲಿಲ್ಲ. ಪೈಲಟ್‌ಗಳ ವಿಶ್ರಾಂತಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ಜೊತೆಯಲ್ಲಿ ಬೇರೆ ಪೈಲಟ್‌ಗಳೂ ಇದ್ದರು. ಎರಡು ಗಂಟೆ ವೇದಿಕೆಯ ಮೇಲೆ ಓಡಾಡಿ, ಗಂಟಲು ಹರಿಯುವಂತೆ ಹಾಡಿ, ವಿಶ್ರಾಂತಿ ಮುಗಿದ ಮೇಲೆ ಅದೇ ಮನುಷ್ಯ ಬಿಳಿ ಅಂಗಿ, ಭುಜಪಟ್ಟಿ ಹಾಕಿಕೊಂಡು ಕಾಕ್‌ಪಿಟ್‌ನಲ್ಲಿ ಕೂರುವುದನ್ನು ತೆರೆಯ ಮೇಲೆ ನೋಡುವುದೇ ಒಂದು ಖುಷಿ.

ಡಿಕಿನ್ಸನ್ ಅವರ ವಿಮಾನದ ಕೆಲಸ ಶೋಕಿಯದಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಎಕ್ಸ್‌ಎಲ್ ಪ್ರವಾಸ ಸಂಸ್ಥೆ ದಿವಾಳಿಯಾಗಿ ಸಾವಿರಾರು ಜನ ಪರದೇಶಗಳಲ್ಲಿ ಸಿಕ್ಕಿಹಾಕಿಕೊಂಡಾಗ, ಈಜಿಪ್ಟಿನಲ್ಲಿದ್ದ ಪ್ರವಾಸಿಗರನ್ನು ಊರಿಗೆ ಕರೆತಂದ ಪೈಲಟ್‌ಗಳಲ್ಲಿ ಅವರೂ ಒಬ್ಬರು.

ಕ್ಯಾಮೆರಾ ಹಿಡಿದವರು

ನಿರ್ದೇಶಕರು ಇಬ್ಬರು: ಕೆನಡಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡನ್. ಡನ್ ಓದಿದ್ದು ಮಾನವಶಾಸ್ತ್ರ. ಹಳ್ಳಿಗಳಿಗೋ ಬುಡಕಟ್ಟುಗಳಿಗೋ ಹೋಗಿ ಅಧ್ಯಯನ ಮಾಡುವ ಆ ಶಿಸ್ತನ್ನು ಅವರು ಹೆವಿ ಮೆಟಲ್ ಅಭಿಮಾನಿಗಳ ಕಡೆ ತಿರುಗಿಸಿದರು. ಮೊದಲ ಚಿತ್ರ 2005ರ ‘ಮೆಟಲ್: ಎ ಹೆಡ್‌ಬ್ಯಾಂಗರ್ಸ್ ಜರ್ನಿ’. ಆಮೇಲೆ 2008ರ ‘ಗ್ಲೋಬಲ್ ಮೆಟಲ್’. ಅದರಲ್ಲಿ ಜಪಾನ್, ಬ್ರೆಜಿಲ್, ಚೀನಾ, ಇಂಡೊನೇಷ್ಯಾ, ಇಸ್ರೇಲ್‌ಗಳ ಜೊತೆ ಭಾರತವೂ ಇದೆ.

ಮಾನವಶಾಸ್ತ್ರದ ಆ ಕಣ್ಣು ‘ಫ್ಲೈಟ್ 666’ರಲ್ಲಿ ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾ ಪದೇಪದೇ ವೇದಿಕೆ ಬಿಟ್ಟು ಜನರ ಕಡೆ ಹೋಗುತ್ತದೆ. ಕೊಲಂಬಿಯಾದ ಬೊಗೋಟಾದಲ್ಲಿ ಬ್ಯಾಂಡ್ ಮೊದಲ ಸಲ ಹಾಡಿದ ದಿನ ನೋಡಿ. ಜಾಗ ಹಿಡಿಯಲು ಅಭಿಮಾನಿಗಳು ದಿನಗಟ್ಟಲೆ ಮುಂಚೆ ಬಂದು ಡೇರೆ ಹಾಕಿಕೊಂಡಿದ್ದಾರೆ. ಕಾರ್ಯಕ್ರಮ ಮುಗಿದಿದೆ, ಜನ ಕರಗುತ್ತಿದ್ದಾರೆ. ಒಬ್ಬ ಮಾತ್ರ ನಿಂತಲ್ಲೇ ನಿಂತಿದ್ದಾನೆ. ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಎಸೆದ ಡ್ರಮ್ ಸ್ಟಿಕ್ ಅವನ ಕೈಗೆ ಸಿಕ್ಕಿದೆ. ಅದನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅಳುತ್ತಿದ್ದಾನೆ. ಮಾತು ಹೊರಡುತ್ತಿಲ್ಲ. ಕ್ಯಾಮೆರಾ ಅವನನ್ನು ಪ್ರಶ್ನೆ ಕೇಳಿ ಕಾಡುವುದಿಲ್ಲ, ಸುಮ್ಮನೆ ನೋಡುತ್ತದೆ. ರಾಕ್ ಸಾಕ್ಷ್ಯಚಿತ್ರಗಳಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಗಳಿಗೆ ಅದು.

ಬ್ರೆಜಿಲ್‌ನಲ್ಲಿ ಒಬ್ಬ ಪಾದ್ರಿ ಸಿಗುತ್ತಾರೆ. ಮೈಮೇಲೆ ನೂರಕ್ಕೂ ಹೆಚ್ಚು ಮೇಡನ್ ಹಚ್ಚೆಗಳು!

ಅಭಿಮಾನಿಗಳ ಸಾಲಿನಲ್ಲಿ ಹೆಸರಾಂತ ಸಂಗೀತಗಾರರೂ ಇದ್ದಾರೆ. ಮೆಟಾಲಿಕಾದ ಲಾರ್ಸ್ ಉಲ್ರಿಚ್, ರೇಜ್ ಅಗೇನ್ಸ್ಟ್ ದ ಮಷೀನ್‌ನ ಟಾಮ್ ಮೊರೆಲ್ಲೊ ಇಬ್ಬರೂ ಚಿತ್ರದಲ್ಲಿ ಬಂದು ಹೋಗುತ್ತಾರೆ.

ಚಿತ್ರದ ಡಿವಿಡಿಯಲ್ಲಿ ಎರಡನೇ ಡಿಸ್ಕ್ ಕೂಡ ಉಂಟು. ಅದರಲ್ಲಿ ಪ್ರವಾಸದ 16 ಹಾಡುಗಳೂ ಪೂರ್ತಿಯಾಗಿವೆ, ಒಂದೊಂದು ಹಾಡು ಒಂದೊಂದು ಊರಿನದು. ‘ದ ಟ್ರೂಪರ್’ ಟೋಕಿಯೊದ್ದು, ‘ರನ್ ಟು ದ ಹಿಲ್ಸ್’ ಬೊಗೋಟಾದ್ದು, ‘ಫಿಯರ್ ಆಫ್ ದ ಡಾರ್ಕ್’ ಬ್ಯೂನಸ್ ಐರಿಸ್‌ನದು. ಮೊಟ್ಟಮೊದಲ ಹಾಡು ‘ಏಸಸ್ ಹೈ’ ಮುಂಬೈಯದು.

ಚಿತ್ರ 2009ರ ಏಪ್ರಿಲ್ 21ರಂದು ಹಲವು ದೇಶಗಳಲ್ಲಿ ಒಟ್ಟಿಗೆ ತೆರೆ ಕಂಡಿತು. ಅಮೆರಿಕದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಪ್ರಶಸ್ತಿ ಬಂತು. 2010ರಲ್ಲಿ ಕೆನಡಾದ ಜೂನೋ ಪ್ರಶಸ್ತಿಯೂ ಬಂತು.

ಹುಟ್ಟಿದ್ದು ಕ್ರಿಸ್‌ಮಸ್ ದಿನ

ಬ್ಯಾಂಡ್ ಕಟ್ಟಿದವರು ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್. ದಿನ 1975ರ ಡಿಸೆಂಬರ್ 25. ಸ್ಥಳ ಪೂರ್ವ ಲಂಡನ್ನಿನ ಲೇಟನ್. ಅಂದಿನಿಂದ ಇಂದಿನವರೆಗೆ ಬ್ಯಾಂಡ್ ಬಿಟ್ಟು ಹೋಗದೆ ಉಳಿದ ಏಕೈಕ ಸ್ಥಾಪಕ ಅವರೇ.

ಹ್ಯಾರಿಸ್‌ಗೆ ಮೊದಲು ಕನಸಿದ್ದದ್ದು ಫುಟ್‌ಬಾಲ್‌ನದು. ಹುಡುಗನಾಗಿದ್ದಾಗ ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ತರಬೇತಿ ಪಡೆದಿದ್ದರು. ಆ ಕ್ಲಬ್ಬಿನ ಲಾಂಛನ ಇವತ್ತಿಗೂ ಅವರ ಗಿಟಾರಿನ ಮೇಲಿದೆ.

ಹೆಸರು ಬಂದದ್ದು ಅಲೆಕ್ಸಾಂಡರ್ ಡ್ಯೂಮಾನ ‘ದ ಮ್ಯಾನ್ ಇನ್ ದಿ ಐರನ್ ಮಾಸ್ಕ್’ ಕಥೆಯ ಸಿನಿಮಾ ನೋಡಿದ ಮೇಲೆ. ಐರನ್ ಮೇಡನ್ ಎಂದರೆ ಒಳಗೆಲ್ಲ ಮೊಳೆಗಳಿರುವ, ಆಳೆತ್ತರದ ಚಿತ್ರಹಿಂಸೆಯ ಪೆಟ್ಟಿಗೆ.

ಹ್ಯಾರಿಸ್ ಬಾಸ್ ನುಡಿಸುವುದು ಬರಿಬೆರಳಿನಲ್ಲಿ. ಒಂದು ದೀರ್ಘ, ಎರಡು ಹ್ರಸ್ವ, ಮತ್ತೆ ಒಂದು ದೀರ್ಘ, ಎರಡು ಹ್ರಸ್ವ. ಕುದುರೆ ನಾಗಾಲೋಟಕ್ಕೆ ಬಿದ್ದ ಸದ್ದು. ಸಂಗೀತಗಾರರು ಇದನ್ನು ‘ಗ್ಯಾಲಪ್’ ಎನ್ನುತ್ತಾರೆ. ಮೇಡನ್ ಹಾಡನ್ನು ದೂರದಿಂದಲೇ ಗುರುತು ಹಿಡಿಯಬೇಕೆ? ಆ ನಾಗಾಲೋಟ ಕೇಳಿಸಿಕೊಳ್ಳಿ, ಸಾಕು.

ಅತ್ತ ನಿಕೋ ಮೆಕ್‌ಬ್ರೇನ್ ಡ್ರಮ್ಸ್ ನುಡಿಸುತ್ತಿದ್ದದ್ದು ಬರಿಗಾಲಿನಲ್ಲಿ. ಇತರ ಮೆಟಲ್ ಡ್ರಮ್ಮರ್‌ಗಳು ಎರಡು ಪೆಡಲ್ ತುಳಿಯುವ ವೇಗವನ್ನು ಅವರು ಒಂದೇ ಪೆಡಲ್‌ನಲ್ಲಿ ಸಾಧಿಸಿದವರು.

ಡ್ರಮ್ಮಿನ ಹಿಂದೆ ಅವರು ಕೂತದ್ದು 1982ರ ಕೊನೆಯಲ್ಲಿ, ಕ್ಲೈವ್ ಬರ್ ಅವರ ಜಾಗಕ್ಕೆ. ಗಾಯಕರಾಗಿ ಡಿಕಿನ್ಸನ್ ಬಂದದ್ದು 1981ರಲ್ಲಿ, ಪಾಲ್ ಡಿಯಾನೊ ಅವರ ಜಾಗಕ್ಕೆ. 1993ರಲ್ಲಿ ಡಿಕಿನ್ಸನ್ ಬ್ಯಾಂಡ್ ಬಿಟ್ಟರು. ಬ್ಲೇಜ್ ಬೇಲಿ ಕೆಲವು ವರ್ಷ ಹಾಡಿದರು. 1999ರಲ್ಲಿ ಡಿಕಿನ್ಸನ್ ಮರಳಿದರು, ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಮರಳಿದರು. ಆಗ ಒಂದು ಪ್ರಶ್ನೆ ಎದ್ದಿತು. ಸ್ಮಿತ್ ಬಿಟ್ಟು ಹೋದ ಮೇಲೆ ಬಂದಿದ್ದ ಜಾನಿಕ್ ಗರ್ಸ್ ಅವರನ್ನು ಕಳಿಸಬೇಕೆ? ಬ್ಯಾಂಡ್ ಯಾರನ್ನೂ ಕಳಿಸಲಿಲ್ಲ. ಗಿಟಾರ್ ವಾದಕರಾದ ಡೇವ್ ಮರ್ರೆ, ಸ್ಮಿತ್, ಗರ್ಸ್ ಮೂವರೂ ಉಳಿದರು. ಮೂರು ಗಿಟಾರುಗಳ ಇವತ್ತಿನ ಮೇಡನ್ ಹುಟ್ಟಿದ್ದು ಹಾಗೆ. ಬ್ಯಾಂಡ್ ಇಷ್ಟು ಕಾಲ ಬಾಳಿದ್ದಕ್ಕೆ ಆ ತೀರ್ಮಾನ ಎಷ್ಟು ಕಾರಣವೋ ಹಾಡುಗಳೂ ಅಷ್ಟೇ ಕಾರಣ ಎಂದು ನನಗನ್ನಿಸುತ್ತದೆ. ಬಂದವನಿಗಾಗಿ ಇದ್ದವನನ್ನು ಹೊರಗೆ ಹಾಕದ ಬ್ಯಾಂಡ್‌ಗಳು ರಾಕ್ ಲೋಕದಲ್ಲಿ ಬಹಳ ಕಡಿಮೆ.

ಈಗ ‘ಎಡ್’ ವಿಷಯ. ಪೂರ್ತಿ ಹೆಸರು ಎಡ್ಡಿ. ಬ್ಯಾಂಡಿನ ಲಾಂಛನವಾದ ಅಸ್ಥಿಪಂಜರದಂಥ ಭೂತ. ಮೊದಲು ಅದು ಪಬ್ಬುಗಳ ಸಣ್ಣ ವೇದಿಕೆಯ ಹಿಂದೆ ತೂಗುಹಾಕಿದ ಬರೀ ಒಂದು ಮುಖವಾಡ. ಬಾಯಿಂದ ಹುಸಿರಕ್ತ ಉಗುಳುತ್ತಿತ್ತು, ಅದು ಡ್ರಮ್ಮರ್ ಮೈಮೇಲೆಲ್ಲ ಬೀಳುತ್ತಿತ್ತು. 1980ರ ಮೊದಲ ಆಲ್ಬಮ್‌ನ ಹೊದಿಕೆಯಲ್ಲಿ ಬಂದ, ಡೆರೆಕ್ ರಿಗ್ಸ್ ಎಂಬ ಕಲಾವಿದ ಬರೆದ ಚಿತ್ರದಿಂದ ಎಡ್ಡಿಗೆ ಮೈ ಬಂತು. ಆಮೇಲೆ ಪ್ರತಿ ಆಲ್ಬಮ್‌ನಲ್ಲೂ ಒಂದೊಂದು ವೇಷ: ಈಜಿಪ್ಟಿನ ಫೆರೋ, ಸೈನಿಕ, ಸಮುರಾಯ್. ವೇದಿಕೆಯ ಮೇಲೆ ದೈತ್ಯಾಕಾರದ ಎಡ್ಡಿ ನಡೆದು ಬರುವಾಗ ಒಳಗೆ ಒಬ್ಬ ಮನುಷ್ಯ ಮರಗಾಲು ಕಟ್ಟಿಕೊಂಡಿರುತ್ತಾನೆ. ಮೈಸೂರು ದಸರೆಯ ಗಾರುಡಿ ಗೊಂಬೆ ಕಂಡವರಿಗೆ ಆ ನಡಿಗೆ ಹೊಸದೆನಿಸದು.

ಎಡ್ಡಿ 2023ರಲ್ಲಿ ಬ್ರಿಟನ್ನಿನ ಅಂಚೆಚೀಟಿಯನ್ನೂ ಏರಿದ!

666 ಏನು?

ಬೈಬಲ್ಲಿನ ‘ಪ್ರಕಟನೆ’ ಗ್ರಂಥದಲ್ಲಿ ಬರುವ ಮೃಗದ ಸಂಖ್ಯೆ. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಬ್ಯಾಂಡ್‌ಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ತಂದುಕೊಟ್ಟ ಮೊದಲ ಆಲ್ಬಮ್. ಆ ಶೀರ್ಷಿಕೆ ಗೀತೆ ಹುಟ್ಟಿದ್ದು ಸ್ಟೀವ್ ಹ್ಯಾರಿಸ್ ಕಂಡ ದುಃಸ್ವಪ್ನದಿಂದ. ‘ಡೇಮಿಯನ್: ಓಮನ್ 2’ ಎಂಬ ಭಯದ ಸಿನಿಮಾ ನೋಡಿದ್ದರ ಫಲ!

ಅಮೆರಿಕದಲ್ಲಿ ಕೆಲವು ಧಾರ್ಮಿಕ ಗುಂಪುಗಳು ಇವರು ಸೈತಾನನ ಭಕ್ತರೆಂದು ತಿಳಿದು ರೆಕಾರ್ಡುಗಳನ್ನು ಸುಟ್ಟವು. ಸುಟ್ಟರೆ ಆ ಹೊಗೆ ಕುಡಿಯಬೇಕಾದೀತು ಎಂದು ಹೆದರಿದ ಇನ್ನು ಕೆಲವರು ಸುತ್ತಿಗೆಯಿಂದ ಒಡೆದರು.

ಹಾಡಿನ ಆರಂಭದಲ್ಲಿ ಬರುವ ಗಂಭೀರ ದನಿ ಯಾರದ್ದು? ಹಾಲಿವುಡ್‌ನ ವಿನ್ಸೆಂಟ್ ಪ್ರೈಸ್ ಅವರನ್ನು ಕೇಳಿದ್ದರು. ಸಂಭಾವನೆ ಕೈಗೆಟುಕಲಿಲ್ಲ. ಕೊನೆಗೆ ಓದಿದವರು ಬ್ಯಾರಿ ಕ್ಲೇಟನ್ ಎಂಬ ನಟ.

ಪ್ರವಾಸದ ವಿಮಾನಕ್ಕೆ ಇಟ್ಟ ಫ್ಲೈಟ್ ಸಂಖ್ಯೆಯೂ 666. ಚಿತ್ರದ ಹೆಸರು ಬಂದದ್ದು ಅಲ್ಲಿಂದಲೇ.

ಚಿಲಿ ದೇಶದ ಕಥೆಯನ್ನೂ ಇಲ್ಲೇ ಹೇಳಬೇಕು. 1992ರಲ್ಲಿ ಅಲ್ಲಿ ನಡೆಯಬೇಕಿದ್ದ ಮೇಡನ್ ಕಾರ್ಯಕ್ರಮ ಕ್ಯಾಥೊಲಿಕ್ ಚರ್ಚಿನ ಒತ್ತಡದಿಂದ ರದ್ದಾಗಿತ್ತು. 2008ರಲ್ಲಿ ಇದೇ ವಿಮಾನ ಸ್ಯಾಂಟಿಯಾಗೊದಲ್ಲಿ ಇಳಿಯಿತು. 2011ರಲ್ಲಿ ಬ್ಯಾಂಡ್ ತನ್ನ ‘ಎನ್ ವಿವೊ!’ ಲೈವ್ ಆಲ್ಬಮ್ ಧ್ವನಿಮುದ್ರಿಸಿಕೊಂಡದ್ದು ಅದೇ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ.

ಹಾಡಿನೊಳಗಿನ ಪುಸ್ತಕಗಳು

ಕೋಲ್‌ರಿಜ್ ಕವಿಯ ‘ಏನ್ಶಿಯಂಟ್ ಮ್ಯಾರಿನರ್’ ಕಾವ್ಯವನ್ನು ಆಧರಿಸಿ 1984ರಲ್ಲಿ ಇವರು ಮಾಡಿದ ಹಾಡು 13 ನಿಮಿಷಕ್ಕೂ ಉದ್ದ. ಕಾಲೇಜಿನಲ್ಲಿ ಆ ಕಾವ್ಯ ಓದಿ ಬೇಸತ್ತವರೂ ಒಮ್ಮೆ ಈ ಹಾಡು ಕೇಳಬೇಕು. ಹಡಗು ಗಾಳಿಯಿಲ್ಲದೆ ನಿಂತುಬಿಡುವ ಭಾಗದಲ್ಲಿ ವಾದ್ಯಗಳೆಲ್ಲ ಹಿಂದೆ ಸರಿದು ಮರದ ಹಡಗು ಕಿರುಗುಟ್ಟುವ ಸದ್ದು ಉಳಿಯುತ್ತದೆ.

ಆಲ್ಡಸ್ ಹಕ್ಸ್‌ಲಿ, ಎಡ್ಗರ್ ಅಲನ್ ಪೋ ಕೂಡ ಇವರ ಹಾಡುಗಳಲ್ಲಿದ್ದಾರೆ. ‘ದ ಟ್ರೂಪರ್’ ಹಾಡಿನಲ್ಲಿರುವುದು 1854ರ ಬಾಲಕ್ಲಾವ ಯುದ್ಧ. ಡಿಕಿನ್ಸನ್ ಕಾಲೇಜಿನಲ್ಲಿ ಓದಿದ್ದೂ ಇತಿಹಾಸವನ್ನೇ.

1986ರಲ್ಲಿ ಬಂದ ‘ಅಲೆಕ್ಸಾಂಡರ್ ದ ಗ್ರೇಟ್’ ಹಾಡನ್ನು ವೇದಿಕೆಯ ಮೇಲೆ ಮೊದಲು ನುಡಿಸಿದ್ದು ಯಾವಾಗ ಗೊತ್ತೇ? 2023ರಲ್ಲಿ. 37 ವರ್ಷ ಕಾದರು ಅಭಿಮಾನಿಗಳು!

ಇವರ ಅತಿ ಉದ್ದದ ಹಾಡು 2015ರ ‘ಎಂಪೈರ್ ಆಫ್ ದ ಕ್ಲೌಡ್ಸ್’, 18 ನಿಮಿಷ. ಡಿಕಿನ್ಸನ್ ಪಿಯಾನೊ ಮುಂದೆ ಕೂತು ಕಟ್ಟಿದ್ದು. ವಸ್ತು ಆರ್101 ಎಂಬ ಬ್ರಿಟಿಷ್ ವಾಯುನೌಕೆಯ ದುರಂತ. 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಉರಿದುಹೋದ ಆ ನೌಕೆ ಹೊರಟಿದ್ದದ್ದು ಆಗಿನ ಬ್ರಿಟಿಷ್ ಇಂಡಿಯಾದ ಕರಾಚಿಗೆ.

‘ಫ್ಲೈಟ್ 666’ರಲ್ಲಿ ಕಾಣುವ ವೇದಿಕೆ ಪೂರ್ತಿ ಈಜಿಪ್ಟ್ ಮಯ. ಅದು 1984ರ ‘ಪವರ್‌ಸ್ಲೇವ್’ ಆಲ್ಬಮ್‌ನ ಕಾಲದ ರಂಗಸಜ್ಜಿಕೆಯ ಮರುರೂಪ. ಆಗಿನ ಪ್ರವಾಸ ಸುಮಾರು 11 ತಿಂಗಳು, 180ಕ್ಕೂ ಹೆಚ್ಚು ಕಾರ್ಯಕ್ರಮ. ಅದು ಶುರುವಾದದ್ದು ಕಮ್ಯುನಿಸ್ಟ್ ಆಡಳಿತವಿದ್ದ ಪೋಲೆಂಡಿನಲ್ಲಿ. ಪಶ್ಚಿಮದ ಬ್ಯಾಂಡೊಂದು ತನ್ನ ಪೂರ್ತಿ ವೇದಿಕೆಯನ್ನೇ ಹೊತ್ತುಕೊಂಡು ಅತ್ತ ಹೋದದ್ದು ಆಗ ದೊಡ್ಡ ಸುದ್ದಿ. ಅಲ್ಲೊಂದು ಮದುವೆ ಮನೆಗೆ ನುಗ್ಗಿ ಅಲ್ಲಿನ ವಾದ್ಯಗಾರರ ವಾದ್ಯ ತೆಗೆದುಕೊಂಡು ನುಡಿಸಿದ್ದೂ ಉಂಟು. ಆ ಪ್ರವಾಸದ ಶುರುವೂ ಒಂದು ಸಾಕ್ಷ್ಯಚಿತ್ರವಾಗಿದೆ, ‘ಬಿಹೈಂಡ್ ದಿ ಐರನ್ ಕರ್ಟನ್’.

ರೇಡಿಯೊ, ಟೀವಿ ಇವರನ್ನು ಎಂದೂ ಹೆಚ್ಚು ಹಾಡಿಸಲಿಲ್ಲ. ಹಾಗಿದ್ದೂ 1991ರ ಜನವರಿಯಲ್ಲಿ ಇವರ ಹಾಡೊಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಕೇಳುಗರು ಬಂದಾರೆಂದು ಕಾಯದೆ ಅವರಿದ್ದಲ್ಲಿಗೇ ಹೋದ ಬ್ಯಾಂಡ್ ಇದು. ಪೋಲೆಂಡ್, ಬೊಗೋಟಾ, ಮುಂಬೈ, ಎಲ್ಲವೂ ಅದೇ ಹಾದಿ.

ಅರಮನೆ ಮೈದಾನದಲ್ಲಿ

ಆ ಹಾದಿಯಲ್ಲಿ ಬೆಂಗಳೂರು ಮುಂಬೈಗಿಂತ ಮುಂದು. ಐರನ್ ಮೇಡನ್ ಭಾರತದಲ್ಲಿ ಮೊದಲು ನುಡಿಸಿದ್ದು 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ.

ಅಂದು ಮೊದಲು ವೇದಿಕೆ ಏರಿದವರಲ್ಲಿ ದಿಲ್ಲಿಯ ‘ಪರಿಕ್ರಮ’ ಬ್ಯಾಂಡ್ ಇತ್ತು. ಆ ವರ್ಷವೇ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸುವ ಅವಕಾಶವೂ ಪರಿಕ್ರಮಕ್ಕೆ ಸಿಕ್ಕಿತು.

ಬೆಂಗಳೂರಿಗೆ ರಾಕ್ ಹೊಸತೇನಲ್ಲ. ಇದೇ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂತು. ನಮ್ಮದೇ ‘ಕ್ರಿಪ್ಟೋಸ್’ ಬ್ಯಾಂಡ್ 1998ರಿಂದ ಇಲ್ಲಿ ಮೆಟಲ್ ನುಡಿಸುತ್ತಿದೆ.

ಚಿತ್ರದಲ್ಲಿ ಬೆಂಗಳೂರಿನ ಕಾರ್ಯಕ್ರಮ ಯಾಕಿಲ್ಲ? ಚಿತ್ರೀಕರಣ ನಡೆದದ್ದು ಪ್ರವಾಸದ ಮೊದಲ ಸುತ್ತಿನಲ್ಲಿ ಮಾತ್ರ. ಅದೇ ಪ್ರವಾಸದ ಕೊನೆಯ ಸುತ್ತು ಬೆಂಗಳೂರಿಗೆ ಬಂದದ್ದು 2009ರ ಫೆಬ್ರುವರಿ 15ರಂದು. ಅಂದು ಅರಮನೆ ಮೈದಾನದಲ್ಲಿ ನಿಂತಿದ್ದವರಿಗೆ ಈ ಚಿತ್ರದ ಅಭಿಮಾನಿಗಳ ಮುಖಗಳು ನೆರೆಹೊರೆಯವರಂತೆ ಕಂಡರೆ ಅಚ್ಚರಿಯಿಲ್ಲ.

ಇದೇ ಜಾತಿಯ ಬೇರೆ ಚಿತ್ರಗಳು

ಡನ್ ಮತ್ತು ಮೆಕ್‌ಫೇಡನ್ ಮುಂದಿನ ವರ್ಷವೇ ಕೆನಡಾದ ‘ರಶ್’ ಬ್ಯಾಂಡ್ ಕುರಿತು ‘ಬಿಯಾಂಡ್ ದ ಲೈಟೆಡ್ ಸ್ಟೇಜ್’ ಮಾಡಿದರು. ಟ್ರೈಬೆಕಾ ಉತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದಿತು.

‘ಅನ್ವಿಲ್! ದ ಸ್ಟೋರಿ ಆಫ್ ಅನ್ವಿಲ್’ (2008) ಇದಕ್ಕೆ ಪೂರಾ ತದ್ವಿರುದ್ಧ. 1984ರಲ್ಲಿ ಜಪಾನಿನಲ್ಲಿ ಬಾನ್ ಜೋವಿ, ಸ್ಕಾರ್ಪಿಯನ್ಸ್ ಜೊತೆ ಒಂದೇ ಉತ್ಸವದಲ್ಲಿ ನುಡಿಸಿದ ಬ್ಯಾಂಡ್ ಅದು. ಉಳಿದವರೆಲ್ಲ ಕೋಟಿ ಎಣಿಸಿದರೆ ಅನ್ವಿಲ್‌ನ ಗಾಯಕ ಶಾಲೆಗಳಿಗೆ ಊಟ ಸಾಗಿಸುವ ಕೆಲಸ ಮಾಡುತ್ತ ಬ್ಯಾಂಡ್ ಉಳಿಸಿಕೊಂಡರು. ನಿರ್ದೇಶಕ ಸಾಶಾ ಗರ್ವಾಸಿ ಹದಿಹರೆಯದಲ್ಲಿ ಅದೇ ಬ್ಯಾಂಡಿನ ಸಾಮಾನು ಹೊತ್ತ ಹುಡುಗ! ‘ಫ್ಲೈಟ್ 666’ ನೋಡಿದವರು ಇದನ್ನೂ ನೋಡಲೇಬೇಕು.

ಮೆಟಾಲಿಕಾದ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ (2004) ಬ್ಯಾಂಡ್ ಒಡೆಯುವ ಹಂತಕ್ಕೆ ಹೋಗಿ, ಮನಃಶಾಸ್ತ್ರದ ಸಲಹೆಗಾರರನ್ನು ಕೂರಿಸಿಕೊಂಡು ಮಾತಾಡಿ ಉಳಿದ ಕಥೆ.

ಆಮೇಲೆ ಏನಾಯಿತು?

ಆಸ್ಟ್ರೇಯಸ್ ಕಂಪನಿ 2011ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು.

2016ರಲ್ಲಿ ಬ್ಯಾಂಡ್ ಜಂಬೊ ಜೆಟ್ ಬೋಯಿಂಗ್ 747ಕ್ಕೆ ಏರಿತು. ಸ್ಯಾಂಟಿಯಾಗೊ ನಿಲ್ದಾಣದಲ್ಲಿ ಅದನ್ನು ಎಳೆದೊಯ್ಯುವಾಗ ಎಳೆಯುವ ವಾಹನಕ್ಕೇ ಬಡಿದು ಎರಡು ಎಂಜಿನ್‌ಗಳಿಗೆ ಪೆಟ್ಟಾಯಿತು. ದುರಸ್ತಿಯಾಗಿ ಮತ್ತೆ ಹಾರಿತು.

2015ರಲ್ಲಿ ಡಿಕಿನ್ಸನ್ ನಾಲಿಗೆಯ ಬುಡದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದರು. ಮರುವರ್ಷ ಅದೇ ಗಂಟಲಿನಲ್ಲಿ ಹಾಡುತ್ತ, ಆ 747ನ್ನು ಓಡಿಸುತ್ತ ಲೋಕ ಸುತ್ತಿದರು.

ಕ್ಲೈವ್ ಬರ್ 2013ರಲ್ಲಿ ತೀರಿಕೊಂಡರು. ಪಾಲ್ ಡಿಯಾನೊ 2024ರ ಅಕ್ಟೋಬರ್‌ನಲ್ಲಿ.

2023ರ ಜನವರಿಯಲ್ಲಿ ನಿಕೋ ಮೆಕ್‌ಬ್ರೇನ್‌ಗೆ ಪಾರ್ಶ್ವವಾಯು ಬಡಿಯಿತು. ಡ್ರಮ್ ನುಡಿಸುವವರಿಗೆ ಅದಕ್ಕಿಂತ ದೊಡ್ಡ ಹೊಡೆತ ಯಾವುದಿದೆ? ಕೆಲವೇ ತಿಂಗಳಲ್ಲಿ ಅವರು ಮತ್ತೆ ಡ್ರಮ್ಮಿನ ಹಿಂದೆ ಕೂತರು. ಕೈ ಮೊದಲಿನಂತೆ ಓಡದ ಹಾಡುಗಳ ನುಡಿಕೆಯನ್ನು ಬದಲಿಸಿಕೊಂಡು ಸುಮಾರು ಒಂದೂವರೆ ವರ್ಷ ಲೋಕ ಸುತ್ತಿದರು. 2024ರ ಡಿಸೆಂಬರ್ 7ರಂದು, 72ನೇ ವಯಸ್ಸಿನಲ್ಲಿ, ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ತಮ್ಮ ಪ್ರವಾಸಗಳ ಕೊನೆಯ ಕಾರ್ಯಕ್ರಮ ನುಡಿಸಿದರು.

2025ರ ಮೇ 27ರಂದು ಬ್ಯಾಂಡ್ ತನ್ನ ಐವತ್ತರ ಪ್ರವಾಸವನ್ನು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಶುರು ಮಾಡಿತು. ಡ್ರಮ್ಮಿನ ಹಿಂದೆ ನಿಕೋ ಅವರ ಜಾಗದಲ್ಲಿ ಸೈಮನ್ ಡಾಸನ್. ಬಾಸ್ ಹಿಡಿದು ಮುಂದೆ ನಿಂತವರು 69 ವರ್ಷದ ಸ್ಟೀವ್ ಹ್ಯಾರಿಸ್.